ಕೋಡ್ ಒಂದೇ ಸಾಕಾಗುವುದಿಲ್ಲ

ನಮಸ್ಕಾರ. ಬಿಟ್‌ಕಾಯಿನ್‌ನಂಥ ದುಡ್ಡಿಗೆ ಯಜಮಾನ ಬೇಡ, ಕೋಡ್, ಅಂದರೆ ಅದನ್ನು ನಡೆಸುವ ಕಂಪ್ಯೂಟರ್ ಪ್ರೋಗ್ರಾಂ, ಇದ್ದರೆ ಸಾಕು ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ.

ನೈತಿಕ ಬೆಳವಣಿಗೆಗೆ 6 ಹಂತ ಇವೆ ಎಂದು ಮನಶ್ಶಾಸ್ತ್ರಜ್ಞ ಕೋಲ್‌ಬರ್ಗ್ ಹೇಳಿದ್ದರು. ಮೊದಲನೆಯದು ಶಿಕ್ಷೆಯ ಭಯ, ಎರಡನೆಯದು ಸ್ವಂತ ಲಾಭ. ನಾಲ್ಕನೆಯದರಲ್ಲಿ ನಿಯಮವೇ ದೊಡ್ಡದು. ಐದಕ್ಕೆ ಬಂದರೆ, ನಿಯಮ ಯಾರಿಗಾಗಿ ಎಂದು ಕೇಳುತ್ತೇವೆ.

2016ರಲ್ಲಿ ಬಿಟ್‌ಕಾಯಿನ್‌ನಂಥದ್ದೇ ಇನ್ನೊಂದು ಜಾಲವಾದ ಇಥೀರಿಯಂನಲ್ಲಿ ಆಗಿದ್ದು ಈ ನಾಲ್ಕು-ಐದರ ಜಗಳವೇ ಅಲ್ವಾ? ಕೋಡ್‌ನ ಒಂದು ತಪ್ಪು ಹಿಡಿದು, ಜನರು ದುಡ್ಡು ಹಾಕಿದ್ದ 'ದಿ ಡಾವೋ' ನಿಧಿಯಿಂದ ಸುಮಾರು 36 ಲಕ್ಷ ಈಥರ್ (ಇಥೀರಿಯಂನ ನಾಣ್ಯ) ಯಾರೋ ಎತ್ತಿದರು. ಕೋಡೇ ಅದಕ್ಕೆ ಅವಕಾಶ ಕೊಟ್ಟಿದೆ, ಹಾಗಾಗಿ ಮುಟ್ಟಬಾರದು ಎಂದರು ಕೆಲವರು. ಜನರ ದುಡ್ಡು ವಾಪಸ್ ಬರಲಿ ಎಂದರು ಉಳಿದವರು. ಜುಲೈನಲ್ಲಿ ಇಥೀರಿಯಂನ ಲೆಕ್ಕದ ಸರಪಳಿ (ಬ್ಲಾಕ್‌ಚೈನ್) ಎರಡಾಯಿತು. ದುಡ್ಡು ವಾಪಸ್ ತರಲು ಒಪ್ಪದವರದ್ದು ಇಥೀರಿಯಂ ಕ್ಲಾಸಿಕ್. ಆ ತೀರ್ಮಾನ ಕೋಡ್ ಮಾಡಲಿಲ್ಲ, ಮನುಷ್ಯರು ಮಾಡಿದರು.

ಗಂಗಾವತಿಯ ನಮ್ಮ ಓಣಿಯಲ್ಲಿ 20 ಜನರ ಚೀಟಿ ಇದೆ. ಸ್ಟೀಲ್ ಡಬ್ಬಿಯಿಂದ ಯಾವುದಾದರೂ ಮಗುವಿನ ಕೈಯಲ್ಲಿ ಹೆಸರು ಎತ್ತಿಸುತ್ತೇವೆ. ಹೋದ ವರ್ಷ ನನ್ನ ಹೆಸರು ಬಂತು. ಅದೇ ವಾರ ಪಕ್ಕದ ಮನೆಯವರು ಆಸ್ಪತ್ರೆ ಸೇರಿದ್ದರು. ಲೆಕ್ಕ ಇಡುವ ಅಕ್ಕ ತಾನೇ ಹೆಸರು ಬದಲಿಸಲಿಲ್ಲ. ಸರದಿಯನ್ನು ಅವರಿಗೆ ಬಿಟ್ಟುಕೊಡುತ್ತೀರಾ ಎಂದು ಮೊದಲು ನನ್ನನ್ನು ಕೇಳಿದರು. ಆಮೇಲೆ ನೋಟ್‌ಬುಕ್ ಹಿಡಿದು ಮನೆ ಮನೆಗೆ ಹೋಗಿ ಎಲ್ಲರ ಸಹಿ ಹಾಕಿಸಿಕೊಂಡರು. ಆ ಅಕ್ಕನ ಸ್ವಂತ ಸರದಿ ಯಾವತ್ತೂ ಕೊನೆಯದೇ.

ನಮ್ಮ ಹುಡುಗರು ಕಾಯಿನ್ ಗುಂಪಿಗೆ ಸೇರುವ ಮೊದಲು ಕೇಳಬೇಕಾದದ್ದು ಇದನ್ನೇ. ದುಡ್ಡು ತೆಗೆಯುವ ಕೀಲಿ ಯಾರ ಕೈಯಲ್ಲಿದೆ, ಅವರು ತಮ್ಮ ಪಾಲನ್ನು ಯಾವಾಗ ತೆಗೆದುಕೊಳ್ಳುತ್ತಾರೆ? ಮುಂದಿನ ಲೇಖನದಲ್ಲಿ ಇದರ ಬಗ್ಗೆ ದಯವಿಟ್ಟು ಬರೆಯಿರಿ.