ನಂಬೋಕೆ ಮುಂಚೆ ಮಜಾ ಬರಬೇಕು

ಜನ ಸುಳ್ಳನ್ನು ನಂಬುವುದರಿಂದಲೇ ರಾಜಕೀಯ ಪ್ರಚಾರ ಗೆಲ್ಲುತ್ತದೆ ಅಂತ ಈಚೆಗೆ ಒಂದು ಲೇಖನದಲ್ಲಿ ಓದಿದೆ. ಅರ್ಧ ಒಪ್ಪುತ್ತೇನೆ. ನಂಬೋಕೆ ಮುಂಚೆ ಮಜಾ ಬರಬೇಕು, ಅಲ್ವಾ?

1999ರಲ್ಲಿ ಬಳ್ಳಾರಿಯಲ್ಲಿ ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಎದುರುಬದುರು ನಿಂತಾಗ ನಾನು ಆರನೇ ಕ್ಲಾಸು. ಕೌಲ್ ಬಜಾರಿನ ನಮ್ಮ ಓಣಿಯ ಹುಡುಗರಿಗೆ ಪಕ್ಷ ಯಾವುದಾದರೇನು, ಬಿಲ್ಲೆ ಬೇಕು. ಎರಡೂ ಕಡೆಯವನ್ನು ಅಂಗಿ ತುಂಬ ಚುಚ್ಚಿಕೊಳ್ಳುತ್ತಿದ್ದೆವು. ಮಿಕ್ಕಿದ್ದನ್ನು ಎರಡಕ್ಕೆ ಒಂದು ಗೋಲಿಯಂತೆ ಮಾರುತ್ತಿದ್ದೆವು. ಆಟೋದ ಮೈಕಿನಲ್ಲಿ ಸಿನಿಮಾ ಹಾಡಿನ ಧಾಟಿಗೆ ಕಟ್ಟಿದ ಪ್ರಚಾರದ ಹಾಡು. ಭಾಷಣ ಒಂದೂ ನೆನಪಿಲ್ಲ, ಆ ಧಾಟಿ ಈಗಲೂ ಬಾಯಿಗೆ ಬರುತ್ತದೆ. ಸುಷ್ಮಾ ಕನ್ನಡ ಕಲಿತು ಮಾತಾಡಿದ್ದು ನಮ್ಮಜ್ಜಿಗೆ ಭಾಳ ಹಿಡಿಸಿತ್ತು. (ವೋಟು ಯಾರಿಗೆ ಹಾಕಿದಳೋ, ಕೊನೆಗೂ ಹೇಳಲಿಲ್ಲ.) ಸುಷ್ಮಾ ಸೋತಿದ್ದು ಸುಮಾರು 56 ಸಾವಿರ ಮತಗಳಿಂದ.

ಇದು ನಮ್ಮಲ್ಲಿ ಮಾತ್ರ ಅಲ್ಲ. 2002ರಲ್ಲಿ ಅಮೆರಿಕದ ಸೈನ್ಯ ಹುಡುಗರನ್ನು ಭರ್ತಿಗೆ ಸೆಳೆಯಲು ವಿಡಿಯೊ ಗೇಮನ್ನೇ ಮಾಡಿ ಪುಕ್ಕಟೆ ಬಿಟ್ಟಿತು. ವಾದಕ್ಕಾದರೆ ಎದುರು ವಾದ ಹೂಡಬಹುದು. ಆಟಕ್ಕೆ ಏನಂತ ಉತ್ತರ ಕೊಡೋದು?

ಮೊನ್ನೆ ನನ್ನ ಮಗ ಯಾವುದೋ ಪಕ್ಷದ ಹಾಡಿಗೆ ರೀಲ್ಸ್ ಮಾಡುತ್ತಿದ್ದ. ಯಾವ ಪಕ್ಷದ್ದೋ ಅಂದೆ. 'ಗೊತ್ತಿಲ್ಲಪ್ಪ, ಬೀಟ್ ಚೆನ್ನಾಗಿದೆ' ಅಂದ.