ಬೆಕ್ಕಿಗೆ ಹರಳೆಣ್ಣೆ ಹುಯ್ಯಬೇಡಿ

ಬೆಕ್ಕಿನ ಕಕ್ಕದ ಬಗ್ಗೆ ಇಷ್ಟುದ್ದ ಬರೆಯಬೇಕಾ ಅಂತ ನಗುವವರು ನಕ್ಕುಬಿಡಿ. ಮನೆಯಲ್ಲಿ ವಯಸ್ಸಾದ ಬೆಕ್ಕು ಇರುವವರು ಮಾತ್ರ ಪೂರ್ತಿ ಓದಿ.

ನಮ್ಮ ಸಕಲೇಶಪುರದ ಕಡೆ ಹೊಟ್ಟೆ ಕಟ್ಟಿದರೆ ಮನುಷ್ಯರಿಗೂ ಬೆಕ್ಕಿಗೂ ಒಂದೇ ಮದ್ದು, ಹರಳೆಣ್ಣೆ. ನಮ್ಮ ಬೆಕ್ಕು ಕೆಂಚನಿಗೆ ಈಗ 14 ವರ್ಷ. ಈ ಮಳೆಗಾಲದಲ್ಲಿ ಅವನು ತಿಣುಕುವುದನ್ನು ನೋಡಿ ಪಕ್ಕದ ಮನೆ ದೊಡ್ಡಮ್ಮ, "ಒಂದು ಚಮಚ ಹುಯ್ಯಿ ಮಗಾ, ಸಂಜೆಗೆ ಸಲೀಸಾಗುತ್ತೆ" ಅಂದರು. ಪ್ರೀತಿಯಿಂದಲೇ ಹೇಳಿದ್ದು. ನಾನು ಒಪ್ಪಲಿಲ್ಲ. ಹಿಡಿದು ಬಾಯಿಗೆ ಎಣ್ಣೆ ಸುರಿದರೆ ಬೆಕ್ಕು ಕೊಸರಾಡುತ್ತದೆ. ಆ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಹಾಲು ಕುಡಿಸಿ ಅನ್ನುವವರೂ ಇದ್ದಾರೆ. ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಅರಗುವುದಿಲ್ಲ. ಭೇದಿ ಹತ್ತಿಕೊಂಡರೆ ಮೈಯಲ್ಲಿದ್ದ ನೀರೂ ಹೋಯಿತು.

ಇಡೀ ಕತೆ ಇರುವುದೇ ಆ ನೀರಿನಲ್ಲಿ. ವಯಸ್ಸಾದ ಬೆಕ್ಕುಗಳಿಗೆ ಕಿಡ್ನಿ ತೊಂದರೆ ಜಾಸ್ತಿ. ಮೂತ್ರದಲ್ಲಿ ನೀರು ಹೆಚ್ಚು ಹೋಗಿ ಮೈ ಒಣಗುತ್ತದೆ. ಆಗ ದೊಡ್ಡ ಕರುಳು ಮಲದಲ್ಲಿರುವ ನೀರನ್ನೂ ಹೀರಿಕೊಳ್ಳುತ್ತದೆ. ಉಳಿಯುವುದು ಕಣದಲ್ಲಿ ಒಣಗಿದ ಚೆರಿ ಕಾಫಿಯಂಥ ಗಟ್ಟಿ ಉಂಡೆ. ಅದು ಒಳಗೇ ಕೂತರೆ ಕರುಳು ಹಿಗ್ಗುತ್ತಾ ಹೋಗಿ, ತಳ್ಳುವ ಶಕ್ತಿಯನ್ನೇ ಕಳೆದುಕೊಳ್ಳಬಹುದು. ಡಾಕ್ಟರುಗಳು ಇದನ್ನು ಮೆಗಾಕೋಲನ್ ಅನ್ನುತ್ತಾರೆ.

ಅಂಗಡಿಯಲ್ಲಿ ಸಿಗುವ ಕ್ಯಾಟ್ ಫುಡ್ಡಿನ ಒಣ ಕಾಳಿನಲ್ಲಿ ನೀರು ನೂರಕ್ಕೆ ಸುಮಾರು 10 ಭಾಗ ಅಷ್ಟೇ. ನಾವು ಅದನ್ನು ಬಿಟ್ಟು ಕೋಳಿ ಬೇಯಿಸಿ, ಬೇಯಿಸಿದ ನೀರಿನ ಸಮೇತ ಕೊಡುತ್ತಿದ್ದೇವೆ. ಉಪ್ಪಿಲ್ಲ, ಮಸಾಲೆ ಇಲ್ಲ. ಈರುಳ್ಳಿ, ಬೆಳ್ಳುಳ್ಳಿಯಂತೂ ಬೆಕ್ಕಿಗೆ ವಿಷ. ಯೂಟ್ಯೂಬ್ ನೋಡಿದವರು ಸಿಹಿಗುಂಬಳ ಕೊಡಿ ಅನ್ನುತ್ತಾರೆ. ಮೈಯಲ್ಲಿ ನೀರೇ ಇಲ್ಲದಾಗ ನಾರು ತುಂಬಿದರೆ ಇನ್ನೂ ಕಟ್ಟಿಕೊಳ್ಳುತ್ತದೆ, ಅಲ್ವಾ?

ನಮ್ಮ ಮಳೆಯದೂ ಪಾಲಿದೆ. ಜೂನ್‌ನಲ್ಲಿ ಹಿಡಿದರೆ ಬಿಡುವ ಮಾತೇ ಇಲ್ಲ, ಕೆದಕಲು ಒಣ ಮಣ್ಣು ಎಲ್ಲಿ ಸಿಗಬೇಕು? ಜೊತೆಗೆ ಕೀಲು ನೋವು. ಮುದಿ ಬೆಕ್ಕು ಬಚ್ಚಲ ಒಲೆ ಬಿಟ್ಟು ಏಳದೆ ಸುಮ್ನೆ ತಡೆದುಕೊಂಡು ಕೂರುತ್ತದೆ. ಅದಕ್ಕೇ ಹಳೇ ಪ್ಲಾಸ್ಟಿಕ್ ಟಬ್ಬಿನ ಒಂದು ಬದಿ ತಗ್ಗಾಗಿ ಕತ್ತರಿಸಿ, ಜರಡಿ ಹಿಡಿದ ಮರಳು ಹಾಕಿ ಬಚ್ಚಲ ಪಕ್ಕವೇ ಇಟ್ಟಿದ್ದೇವೆ. ಕೆಂಚ ಒಳಗೆ ಹೋಗಿ, ಮರಳು ಕೆದಕಿ, ನಮ್ಮ ಮುಖ ನೋಡುತ್ತಾನೆ. ನಾವು ಆಚೆ ಹೋದ ಮೇಲೇ ಕೂರುವುದು. ಇಷ್ಟು ವಯಸ್ಸಾದರೂ ಗತ್ತು ಇಳಿದಿಲ್ಲ.

ಹಾಸನದ ವೆಟರ್ನರಿ ಕಾಲೇಜಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಹೊಟ್ಟೆ ಒತ್ತಿ ನೋಡಿದರು, ಕಿಡ್ನಿಗೆ ರಕ್ತ ಪರೀಕ್ಷೆ ಮಾಡಿದರು, ಚರ್ಮದ ಕೆಳಗೆ ಫ್ಲೂಯಿಡ್ ಕೊಟ್ಟರು, ತೂಕ ನೋಡಿ ಮಲ ಮೆತ್ತಗೆ ಮಾಡುವ ಲ್ಯಾಕ್ಟುಲೋಸ್ ಸಿರಪ್ ಬರೆದುಕೊಟ್ಟರು. "ಬೆಕ್ಕಿಗೆ ಹಾಸನದ ತನಕ ಹೋಗಬೇಕಿತ್ತಾ?" ಅಂತ ಊರಲ್ಲಿ ಕೇಳಿದವರು ಒಬ್ಬಿಬ್ಬರಲ್ಲ. ಹಸುವಿಗೆ ಜ್ವರ ಬಂದರೆ ರಾತ್ರೋರಾತ್ರಿ ಡಾಕ್ಟರನ್ನು ಎಬ್ಬಿಸುತ್ತೇವೆ. ಇಷ್ಟು ವರ್ಷ ಭತ್ತದ ಮೂಟೆಗೆ ಇಲಿ ಬೀಳದಂತೆ ಕಾದವನ ವಿಷಯದಲ್ಲಿ ಮಾತ್ರ ಬಸ್ ಚಾರ್ಜ್ ಲೆಕ್ಕ ಹಾಕುತ್ತೇವೆ. ನನಗೆ ಇದು ಸರಿ ಕಾಣುವುದಿಲ್ಲ.

ಮೆಡಿಕಲ್ ಶಾಪಿನಲ್ಲಿ ಮನುಷ್ಯರಿಗೆ ಸಿಗುವ ಫಾಸ್ಫೇಟ್ ಎನಿಮಾ ತಂದು ಪ್ರಯೋಗ ಮಾಡಲೇಬೇಡಿ, ಅದು ಬೆಕ್ಕಿನ ಜೀವ ತೆಗೆಯಬಹುದು. ಎರಡು ದಿನ ಕಕ್ಕ ಮಾಡದಿದ್ದರೆ, ಅಥವಾ ತಿಣುಕುತ್ತಾ ವಾಂತಿ ಮಾಡಿದರೆ ಡಾಕ್ಟರಿಗೆ ತೋರಿಸಿ.

ಗಂಡು ಬೆಕ್ಕಾದರೆ ಇನ್ನೊಂದು ವಿಷಯ. ಮೂತ್ರ ಕಟ್ಟಿದಾಗಲೂ ಅದು ಹೀಗೇ ಕೂತು ತಿಣುಕುತ್ತದೆ, ನಾವು ಮಲಬದ್ಧತೆ ಅಂದುಕೊಂಡಿರುತ್ತೇವೆ. ಎದ್ದು ಹೋದ ಮೇಲೆ ಮರಳು ಕೈಯಿಂದ ಮುಟ್ಟಿ ನೋಡಿ. ಒದ್ದೆಯೇ ಆಗಿಲ್ಲ ಅಂದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಹೊರಡಿ.