ಮಿಕ್ಸಿಗಿರುವ ತಾಳ್ಮೆ ವಾಷಿಂಗ್ ಮೆಷಿನ್‌ಗೆ ಯಾಕಿಲ್ಲ?

ವಿಡಿಯೋ ಕಾಲ್‌ನಲ್ಲಿ ಭಾವ ನಕ್ಕುಬಿಟ್ಟರು. "ಏನಯ್ಯಾ, ಜರ್ಮನಿಗೆ ಹೋಗಿ ಇಂಥ ಹಳೇ ಡಬ್ಬಾದಲ್ಲಿ ಬಟ್ಟೆ ಒಗೀತಿದ್ದೀಯಾ? ನಮ್ಮನೇಗೆ ದೀಪಾವಳಿ ಆಫರ್‌ನಲ್ಲಿ ಮೂರನೇದು ಬಂತು!" ಸ್ವಲ್ಪ ಚುಚ್ಚಿತು, ಸುಳ್ಳು ಯಾಕೆ ಹೇಳಲಿ.

ಡಬ್ಬಾ ಮೀಲೆ ಕಂಪನಿಯದು, ಎಂಬತ್ತರ ದಶಕದ ಫ್ರಂಟ್ ಲೋಡ್. 1899ರಲ್ಲಿ ಹಾಲಿನಿಂದ ಕೆನೆ ತೆಗೆಯುವ ಯಂತ್ರ ಮಾಡುತ್ತಾ ಶುರುವಾದ ಕಂಪನಿ ಅದು. ಸ್ಟುಟ್‌ಗಾರ್ಟ್‌ನ ಈ ಮನೆಯಲ್ಲಿ ನನಗಿಂತ ಮುಂಚೆ ಇದ್ದ ಅಜ್ಜಿ, ವೃದ್ಧಾಶ್ರಮಕ್ಕೆ ಹೋಗುವಾಗ ಮೆಷಿನ್ನನ್ನು ನೆಲಮಾಳಿಗೆಯಲ್ಲೇ ಬಿಟ್ಟರು. ಅದರ ಪುಸ್ತಕವನ್ನೂ ಕೈಗಿಟ್ಟರು. ಬಾಗಿಲಿನ ರಬ್ಬರ್ ಯಾವಾಗ ಬದಲಾಯಿತು, ಪಂಪ್ ಯಾವಾಗ, ಎಲ್ಲ ಪೆನ್ಸಿಲ್‌ನಲ್ಲಿ ಬರೆದಿತ್ತು. ನಮ್ಮಲ್ಲಿ ವಾರಂಟಿ ಕಾರ್ಡ್ ಎಲ್ಲಿ ಅಂತ ಕೇಳಿದರೆ ಮನೆಯವರೆಲ್ಲ ಬೀರು ಜಾಲಾಡುತ್ತಾರೆ.

ಇದಕ್ಕೆ ಪರದೆ ಇಲ್ಲ, ಆ್ಯಪ್ ಇಲ್ಲ. ತಿರುಗಿಸಲು ಒಂದು ತಿರುಗಣೆ, ಒತ್ತಲು ನಾಲ್ಕು ಗುಂಡಿ. ಒಳಗೆ ಎರಕದ ಕಬ್ಬಿಣದ ಭಾರ ಕೂರಿಸಿರುವುದರಿಂದ ಬಟ್ಟೆ ಹಿಂಡುವಾಗಲೂ ಜಾಗ ಬಿಟ್ಟು ಕದಲುವುದಿಲ್ಲ. 95 ಡಿಗ್ರಿಗೆ ಇಟ್ಟರೆ ಮಸಿಬಟ್ಟೆ ಕೂಡ ಅಮ್ಮ ಸೋಡಾ ಹಾಕಿ ಹಂಡೆಯಲ್ಲಿ ಕುದಿಸಿದ ಹಾಗೆ ಬೆಳ್ಳಗಾಗುತ್ತದೆ.

ಒಂದು ಸಲ ಡ್ರಮ್ ತಿರುಗುವುದೇ ನಿಂತಿತು. ಬಿಚ್ಚಿ ನೋಡಿದರೆ ಮೋಟರ್‌ನ ಕಾರ್ಬನ್ ಬ್ರಷ್, ಅಂದರೆ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಪುಟ್ಟ ತುಂಡು, ಸವೆದಿತ್ತು. ನಮ್ಮ ಮಿಕ್ಸಿಯಲ್ಲೂ ಇರುತ್ತಲ್ಲ, ಅದೇ. ಮೈಸೂರಿನ ಮಿಕ್ಸಿ ರಿಪೇರಿ ಅಂಗಡಿಯವರು ಗಿರಾಕಿ ಜೊತೆ ಹರಟುತ್ತಲೇ ಅದನ್ನು ಬದಲಾಯಿಸುತ್ತಾರೆ. ನಾನೂ ಹೊಸ ಜೋಡಿ ತರಿಸಿ ಹಾಕಿದೆ, ತಿರುಗಿತು.

ನನಗೆ ಸಿಟ್ಟು ಬರುವುದು ಇಲ್ಲೇ. ಮಿಕ್ಸಿಯ ಕಾಯಿಲ್ ಸುಟ್ಟರೆ ಸುತ್ತಿಸುತ್ತೇವೆ, ಜಾರಿಗೆ ಹೊಸ ಬ್ಲೇಡ್ ಹಾಕಿಸುತ್ತೇವೆ. ವಾಷಿಂಗ್ ಮೆಷಿನ್ ಕೆಟ್ಟರೆ ಮಾತ್ರ "ಬೋರ್ಡ್ ಹೋಗಿದೆ ಸಾರ್, ಆ ದುಡ್ಡಿಗೆ ಹೊಸದೇ ತಗೊಳ್ಳಿ" ಅಂದದ್ದೇ ತಡ, ಎಕ್ಸ್‌ಚೇಂಜ್! ಯುರೋಪಿಯನ್ ಒಕ್ಕೂಟದಲ್ಲಿ 2021ರ ಮಾರ್ಚ್‌ನಿಂದ ಒಂದು ನಿಯಮವಿದೆ. ಯಾವುದೇ ವಾಷಿಂಗ್ ಮೆಷಿನ್ ಮಾದರಿ ಮಾರುಕಟ್ಟೆಗೆ ಬರುವುದು ನಿಂತ ಮೇಲೂ ಮುಖ್ಯ ಬಿಡಿಭಾಗಗಳು ಕನಿಷ್ಠ 10 ವರ್ಷ ಸಿಗಬೇಕು. ನಮ್ಮಲ್ಲಿ ಇಂಥದ್ದನ್ನು ಯಾರಾದರೂ ಗಟ್ಟಿಯಾಗಿ ಕೇಳುತ್ತಿದ್ದಾರಾ?

ಹಾಗಂತ ಇಲ್ಲಿಯವರೂ ಅಂಥ ಸಾಚಾಗಳಲ್ಲ. ರಿಪೇರಿಯವರು ಮನೆಗೆ ಬಂದದ್ದಕ್ಕೇ ಬಿಲ್ ಆಗುತ್ತದೆ, ಅದಕ್ಕೆ ಹೆದರಿ ಹೊಸದು ತರುವವರು ಬೇಕಾದಷ್ಟು ಜನ. ಈ ಡಬ್ಬಾ ನೀರು, ಕರೆಂಟು ಎರಡನ್ನೂ ಈಗಿನವಕ್ಕಿಂತ ಜಾಸ್ತಿ ನುಂಗುತ್ತದೆ. ಸ್ಟುಟ್‌ಗಾರ್ಟ್‌ಗೆ ಬೋಡನ್‌ಸೇ ಸರೋವರದ ನೀರು ಬರುತ್ತದೆ, ಕರೆಂಟು ಕಣ್ಣಾಮುಚ್ಚಾಲೆ ಆಡುವುದಿಲ್ಲ. ಬೆಂಗಳೂರಿನ ಬೋರ್‌ವೆಲ್ ನೀರಿಗೆ ಹೀಟರ್ ಮೇಲೆ ಸುಣ್ಣ ಕಟ್ಟುತ್ತದೆ, ವೋಲ್ಟೇಜ್ ಏರಿಳಿತಕ್ಕೆ ಬೋರ್ಡ್ ಸುಡುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾಯುವ ಮನೆಯಲ್ಲಿದ್ದಿದ್ದರೆ, ಇದನ್ನು ನಾನೇ ಎಕ್ಸ್‌ಚೇಂಜ್‌ಗೆ ಹಾಕುತ್ತಿದ್ದೆನೇನೋ.